ತುರ್ತು ಪಾರ್ಸೆಲ್‌ಗಳು ಟಪಾಲು ಕೋಣೆಯಲ್ಲೇ ಉಳಿಯದಂತೆ ಏನು ಮಾಡಬಹುದು?

ಪ್ರಶ್ನೆ (ಟಪಾಲು ಮೇಲ್ವಿಚಾರಕ, ಪೀಣ್ಯ):

ಎಲ್ಲರಿಗೂ ನಮಸ್ಕಾರ. ನಾಲ್ಕು ಮಹಡಿಗಳ ಖಾಸಗಿ ಕಂಪನಿಯೊಂದರ ಟಪಾಲು ಕೋಣೆಯ ಉಸ್ತುವಾರಿ ನನ್ನದು. ಸ್ಪೀಡ್ ಪೋಸ್ಟ್, ಖಾಸಗಿ ಕೊರಿಯರ್, ಸಿಬ್ಬಂದಿ ಆನ್‌ಲೈನಿನಲ್ಲಿ ತರಿಸಿಕೊಳ್ಳುವ ಸ್ವಂತದ ಪಾರ್ಸೆಲ್, ಎಲ್ಲವೂ ಮಧ್ಯಾಹ್ನದ ಊಟದೊಳಗೆ ಒಂದೇ ಮೇಜಿನ ಮೇಲೆ ಬಂದು ಬೀಳುತ್ತವೆ. ಬಂದದ್ದನ್ನೆಲ್ಲ ಆವಕ ವಹಿಯಲ್ಲಿ ದಾಖಲಿಸಿದ ಮೇಲಷ್ಟೇ ಮೇಲಕ್ಕೆ ಕಳುಹಿಸುವುದು ನಮ್ಮ ಕ್ರಮವಾದ್ದರಿಂದ, ಯಂತ್ರ ನಿಲ್ಲಿಸಿಕೊಂಡು ಕುಳಿತಿರುವ ವಿಭಾಗದ ಬೇರಿಂಗ್ ಕೂಡ ಯಾರದೋ ಚಪ್ಪಲಿ ಡಬ್ಬಿಯ ಹಿಂದೆ ಸರದಿ ಕಾಯುತ್ತದೆ. ‘ಅರ್ಜೆಂಟ್’ ಎಂಬ ಚೀಟಿಯನ್ನು ನಂಬೋಣವೆಂದರೆ, ಹೊಸ ವರ್ಷದ ಕ್ಯಾಲೆಂಡರ್ ಕಳುಹಿಸುವವರೂ ಅದನ್ನೇ ಅಂಟಿಸಿರುತ್ತಾರೆ. ಇರುವ ಇಬ್ಬರೇ ಸಿಬ್ಬಂದಿಯಿಂದ ಇದನ್ನು ಹೇಗೆ ನಿಭಾಯಿಸಬಹುದು?

ಉತ್ತರ 1 (ನಿವೃತ್ತ ಸರ್ಕಾರಿ ನೌಕರ, ಟಪಾಲು ಶಾಖೆ):

ಯಾವುದು ತುರ್ತು ಎಂಬುದು ಕಳುಹಿಸಿದವರಿಗಿಂತ ಕಾಯುತ್ತಿರುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ಕಚೇರಿಯಲ್ಲಿ ಅಧಿವೇಶನ ನಡೆಯುವಾಗ ಶಾಸನಸಭೆಯ ಪ್ರಶ್ನೆಗಳು ಯಾವ ಶಾಖೆಗೆ ಬರಲಿವೆ ಎಂಬುದನ್ನು ಮೊದಲೇ ತಿಳಿದಿಟ್ಟುಕೊಂಡು, ಮುದ್ದಾಂ (ಅಂಚೆಗೆ ಹಾಕದೆ ಖುದ್ದಾಗಿ ಕೈಯಲ್ಲೇ) ತಂದವರನ್ನು ಕಾಯಿಸದೆ, ಸಮಯ ನಮೂದಿಸಿ ಸ್ವೀಕೃತಿ ಕೊಟ್ಟು, ಪತ್ರವನ್ನು ಆಗಿಂದಾಗಲೇ ಶಾಖೆಗೆ ಮುಟ್ಟಿಸುತ್ತಿದ್ದೆವು. ನೀವೂ ಪ್ರತಿ ವಿಭಾಗದಿಂದ ಬೆಳಿಗ್ಗೆಯೇ ‘ಇಂದು ಬರಬೇಕಾದದ್ದು’ ಎಂಬ ಪಟ್ಟಿಯನ್ನು ಕೊರಿಯರ್ ಸಂಖ್ಯೆಯ ಸಮೇತ ತರಿಸಿಕೊಳ್ಳಿ. ಪಟ್ಟಿಯಲ್ಲಿರುವುದು ಬಂದ ಕೂಡಲೇ ಸಂಖ್ಯೆ, ಸಮಯ, ಪಡೆದವರ ಸಹಿ, ಇಷ್ಟನ್ನು ಮಾತ್ರ ಪ್ರತ್ಯೇಕ ವಹಿಯಲ್ಲಿ ಬರೆದು ಕೊಟ್ಟುಬಿಡಿ. ಉಳಿದ ವಿವರಗಳನ್ನು ಆವಕ ವಹಿಗೆ ಸಂಜೆ ಏರಿಸಿದರೂ ನಡೆಯುತ್ತದೆ.

ಉತ್ತರ 2 (ಕಾನೂನು ವಿಭಾಗದಲ್ಲಿರುವವರು):

ಮೇಲಿನ ಸಲಹೆ ಸರಿಯಾದದ್ದೇ, ಆದರೆ ಯಾರೂ ನಿರೀಕ್ಷಿಸದ ತುರ್ತುಗಳೂ ಇವೆ. ಚೆಕ್ ಅಮಾನ್ಯವಾದ ಬಗ್ಗೆ ನೋಟಿಸ್ ಬಂದರೆ, 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಂತೆ ಹಣ ಪಾವತಿಸಲು ಇರುವುದು ನೋಟಿಸ್ ಕೈಸೇರಿದ ಮೇಲಿನ 15 ದಿನಗಳು ಮಾತ್ರ, ಮತ್ತು ಟಪಾಲು ಕೋಣೆಯಲ್ಲಿ ಸಹಿ ಹಾಕಿ ಪಡೆದ ದಿನವೇ ನೋಟಿಸ್ ತಲುಪಿದ ದಿನವೆಂದು ಎದುರು ಪಕ್ಷದವರು ವಾದಿಸುವುದು ಖಚಿತ. ಆದ್ದರಿಂದ ಅದು ನಿಮ್ಮ ಕಪಾಟಿನಲ್ಲಿ ಕಳೆಯುವ ಪ್ರತಿ ದಿನವೂ ಕಂಪನಿಯ ಲೆಕ್ಕದಿಂದಲೇ ಹೋಗುತ್ತದೆ.

ಮೊದಲಾದರೆ ರಿಜಿಸ್ಟರ್ಡ್ ಎಂಬ ಗುರುತು ಕಂಡೊಡನೆ ಎಚ್ಚೆತ್ತುಕೊಳ್ಳಬಹುದಿತ್ತು. 2025ರಲ್ಲಿ ಅಂಚೆ ಇಲಾಖೆಯು ನೋಂದಾಯಿತ ಅಂಚೆಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನಗೊಳಿಸಿರುವುದರಿಂದ, ಮದುವೆಯ ಆಮಂತ್ರಣವೂ ವಕೀಲರ ನೋಟಿಸೂ ಒಂದೇ ಕಟ್ಟಿನಲ್ಲಿ ಬರಬಹುದು. ಹೀಗಾಗಿ ‘ಇಂದ’ ವಿಳಾಸವನ್ನು ಓದದೆ ವಿಂಗಡಿಸಬೇಡಿ. ನ್ಯಾಯಾಲಯ, ವಕೀಲರು, ಬ್ಯಾಂಕ್, ತೆರಿಗೆ ಇಲಾಖೆ ಎಂದಿದ್ದರೆ ದಿನಾಂಕದ ಮೊಹರು ಒತ್ತಿ ಅಂದೇ ನಮ್ಮಂಥವರ ಕೈಗೆ ಕೊಡಿ. ದಯವಿಟ್ಟು ಲಕೋಟೆಯನ್ನು ಎಸೆಯಬೇಡಿ. ಅಂಚೆ ಸಂಖ್ಯೆ ಇರುವುದು ಅದರ ಮೇಲೆಯೇ.

ಉತ್ತರ 3 (ಔಷಧ ಕಂಪನಿಯ ಉಗ್ರಾಣ):

2ರಿಂದ 8 ಡಿಗ್ರಿಯಲ್ಲಿಡಬೇಕಾದ ಪೆಟ್ಟಿಗೆಗಳು ಬರುವುದಾದರೆ ಅವನ್ನು ಮೇಜಿನ ಮೇಲೆ ಇಡುವ ಮಾತೇ ಇಲ್ಲ. ಡ್ರೈ ಐಸ್ ಇರುವ ಪೆಟ್ಟಿಗೆಯನ್ನಂತೂ ಗಾಳಿಯಾಡದ ಸಣ್ಣ ಕೋಣೆಯಲ್ಲಿ ಬೀಗ ಹಾಕಿ ಇಡಬಾರದು, ಏಕೆಂದರೆ ಅದು ಕರಗಿ ನೀರಾಗದೆ ನೇರವಾಗಿ ಇಂಗಾಲದ ಡೈಆಕ್ಸೈಡ್ ಆಗಿ ಕೋಣೆಯನ್ನು ತುಂಬಿಕೊಳ್ಳುತ್ತದೆ. ಪೆಟ್ಟಿಗೆ ಒದ್ದೆಯಾಗಿದ್ದರೆ ಅಥವಾ ಮೂಲೆ ಜಜ್ಜಿದ್ದರೆ, ಕೊರಿಯರ್‌ನವರು ಎದುರಿಗಿರುವಾಗಲೇ ಡೆಲಿವರಿ ಚೀಟಿಯಲ್ಲಿ ಬರೆದು, ಫೋಟೊ ತೆಗೆದು, ಆಮೇಲೆ ಸಹಿ ಮಾಡಿ.

ಪ್ರಶ್ನೆ ಕೇಳಿದವರು:

ಮೂವರಿಗೂ ಧನ್ಯವಾದಗಳು. ‘ಇಂದ’ ವಿಳಾಸದ ವಿಷಯ ನಮಗೆ ಹೊಳೆದಿರಲಿಲ್ಲ. ಉಳಿದಿರುವುದು ಒಂದೇ ಅನುಮಾನ: ಪಟ್ಟಿ ಕೇಳಿದರೆ ಪ್ರತಿ ವಿಭಾಗದವರೂ ತಮ್ಮದೆಲ್ಲವನ್ನೂ ತುರ್ತು ಎಂದೇ ಬರೆದು ಕಳುಹಿಸುವುದಿಲ್ಲವೇ?

ಉತ್ತರ 1 (ಮತ್ತೆ):

ಬರೆಯುತ್ತಾರೆ, ಖಂಡಿತ. ಅದಕ್ಕೇ ಪಟ್ಟಿಯಲ್ಲಿ ಇನ್ನೆರಡು ಅಂಕಣ ಸೇರಿಸಿ: ಎಷ್ಟು ಗಂಟೆಯೊಳಗೆ ಬೇಕು, ಫೋನ್ ಮಾಡಿದ ಹತ್ತು ನಿಮಿಷದಲ್ಲಿ ಕೆಳಗಿಳಿದು ಬಂದು ಸಹಿ ಮಾಡುವವರು ಯಾರು. ಎರಡನೆಯ ಅಂಕಣ ಖಾಲಿಯಿದ್ದರೆ ಆ ಪಾರ್ಸೆಲ್ ಸಾಮಾನ್ಯ ಸರದಿಗೆ ಹೋಗಲಿ. ಸಿಬ್ಬಂದಿಯ ಸ್ವಂತದ ಪಾರ್ಸೆಲ್‌ಗಳನ್ನು ವಹಿಗೆ ಸೇರಿಸಲೇಬೇಡಿ. ಗೇಟಿನ ಬಳಿ ಬೇರೆಯೇ ಕಪಾಟು ಇಡಿಸಿ, ಸಂಜೆ ಹೋಗುವಾಗ ಅವರವರೇ ಒಯ್ಯಲಿ. ಇದಕ್ಕೆ ಆಡಳಿತ ವಿಭಾಗದಿಂದ ಒಂದು ಸುತ್ತೋಲೆ ಹೊರಡಿಸಿಕೊಳ್ಳುವುದು ಒಳ್ಳೆಯದು, ಇಲ್ಲವಾದರೆ ಜಗಳವೆಲ್ಲ ನಿಮ್ಮ ಮೇಜಿಗೇ ಬರುತ್ತದೆ.