ಸಹಾಯ ಬೇಕು: ನಮ್ಮೂರಿಗೆ ನಿಂತುಹೋದ ಬಸ್ ಮತ್ತೆ ಬರಬೇಕು

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆಯ ಪುಟ್ಟ ಹಳ್ಳಿ ನಮ್ಮದು. ಇರುವುದು 41 ಮನೆ, ಅದರಲ್ಲಿ ಒಂಬತ್ತಕ್ಕೆ ಬೀಗ ಬಿದ್ದಿದೆ. ಬೆಳಿಗ್ಗೆ ಏಳೂವರೆಗೆ ಬರುತ್ತಿದ್ದ ಒಂದೇ ಬಸ್ ಹೋದ ಮಳೆಗಾಲದಲ್ಲಿ ನಿಂತದ್ದು ಮತ್ತೆ ಬರಲೇ ಇಲ್ಲ. ವಿಚಾರಿಸಿದರೆ, ಜನ ಕಡಿಮೆ, ಡೀಸೆಲ್ ಖರ್ಚೂ ಹುಟ್ಟುವುದಿಲ್ಲ ಎನ್ನುತ್ತಾರೆ.

ಈಗ ಮುಖ್ಯರಸ್ತೆಗೆ ನಾಲ್ಕು ಕಿಲೋಮೀಟರ್ ನಡಿಗೆ. ಎರಡೂ ಬದಿ ಕಾಫಿ ತೋಟ, ಕತ್ತಲಾದರೆ ಆನೆ ಭಯ. ಹೈಸ್ಕೂಲಿಗೆ ಹೋಗುವ ಆರು ಮಕ್ಕಳಲ್ಲಿ ಇಬ್ಬರು ಹುಡುಗಿಯರನ್ನು ಮನೆಯವರು ಬಿಡಿಸುವ ಮಾತಾಡುತ್ತಿದ್ದಾರೆ. ನನಗೆ ನಿದ್ದೆ ಬಾರದಿರುವುದು ಇದಕ್ಕೇ. ನಮ್ಮತ್ತೆಯನ್ನು ತಿಂಗಳಿಗೊಮ್ಮೆ ಮಡಿಕೇರಿಗೆ ತಪಾಸಣೆಗೆ ಕರೆದೊಯ್ಯಬೇಕು, ಪ್ರತಿ ಸಲವೂ ಬಾಡಿಗೆ ಜೀಪು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವಿದೆ, ಆದರೆ ಊರಿಗೆ ಬಸ್ಸೇ ಬೇಕಲ್ಲ! ಕೊಡಗಿನಲ್ಲಿ ರೈಲೂ ಇಲ್ಲ.

2011ರ ಜನಗಣತಿಯಂತೆ ಇಡೀ ಜಿಲ್ಲೆಯ ಜನಸಂಖ್ಯೆಯೇ 5,54,519. ಇಂಥ ಕಡೆ ತಲೆ ಎಣಿಸಿ ಬಸ್ ಬಿಡುವುದಾದರೆ ನಮ್ಮಂಥ ಊರುಗಳ ಪಾಡೇನು? ಲೈನ್ ಮನೆಗಳ (ತೋಟದೊಳಗಿನ ಸಾಲುಮನೆಗಳ) ಕಾರ್ಮಿಕರನ್ನೂ, ಕೊಯ್ಲಿಗೆ ಬರುವವರನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನನ್ನ ವಾದ.

ನಿಮ್ಮೂರಿಗೆ ಯಾರಾದರೂ ಹೀಗೆ ನಿಂತ ಬಸ್ಸನ್ನು ಮತ್ತೆ ತರಿಸಿದ್ದೀರಾ? ಅರ್ಜಿ ಯಾರಿಗೆ ಕೊಟ್ಟಿರಿ? ಗ್ರಾಮಸಭೆಯ ನಿರ್ಣಯ ಜೊತೆಗಿಟ್ಟರೆ ತೂಕ ಬರುತ್ತದೆಯೇ? ಅರ್ಜಿಯ ಮಾದರಿ ಇದ್ದರೆ ದಯವಿಟ್ಟು ಹಾಕಿ. ಶಾಲೆ ಶುರುವಾಗುವ ಮೊದಲೇ ಕೊಡಬೇಕು.