ಪದಚರ್ಚೆ: ‘ಸ್ಲೋ ರಿಲೀಸ್’ ಗುಳಿಗೆಗೆ ಏನನ್ನೋಣ? (ತುರ್ತು)

ಕೊಪ್ಪಳದಿಂದ:
ನಮ್ಮ ಔಷಧ ಅಂಗಡಿಗೆ ಫಲಕ ಬರೆಸಬೇಕು, ಪೇಂಟರ್ ನಾಳೆ ಬರುತ್ತಾನೆ. ಹಿರಿಯರಿಗೆ ನುಂಗಲಾಗದೆಂದು ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಎಸ್‌ಆರ್ (ಸ್ಲೋ ರಿಲೀಸ್) ಗುಳಿಗೆಯನ್ನು ಜಜ್ಜಿ ನೀರಲ್ಲಿ ಕಲಸಿ ಕುಡಿಸುವವರಿದ್ದಾರೆ. ತಾಸುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಯಬೇಕಾದ ಔಷಧ ಒಮ್ಮೆಲೇ ಇಳಿಯುತ್ತದೆ. ‘ನಿಧಾನ ಬಿಡುಗಡೆ’ ಎಂದರೆ ಗುಣವಾಗುವುದೇ ನಿಧಾನ ಅಂದುಕೊಂಡು ಬೇರೆ ಕೊಡಿ ಅನ್ನುತ್ತಾರೆ. ಪದ ಹೇಳಿ.

ಬಳ್ಳಾರಿಯಿಂದ:
‘ಮಂದವಿಮೋಚನ’. ಶಾಸ್ತ್ರಕ್ಕೆ ಶಾಸ್ತ್ರದ ಪದವೇ ಸರಿ. ಚರ್ಚೆ ಬೇಕಿಲ್ಲ.

ರಾಯಚೂರಿನಿಂದ:
ಬೇಕು ಸರ್. ನೀವು ಮದ್ರಾಸ್ ಪ್ರಾಂತ್ಯದಲ್ಲಿದ್ದವರು. ನಮಗೂ ಕೊಪ್ಪಳದವರಿಗೂ ವಿಮೋಚನೆ ಅಂದರೆ ನಿಜಾಮನ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರ್ 17. ಅದನ್ನು ಗುಳಿಗೆಗೆ ಹಚ್ಚಬೇಡಿ. ‘ಮೆಲ್ಬಿಡುಗೆ’ ಅನ್ನಿ, ಅಚ್ಚಗನ್ನಡ. ಸ್ಲೋ ರಿಲೀಸ್ ಅನ್ನುವ ಬೇವು ಲೇಪಿತ ಯೂರಿಯಾ ಗೊಬ್ಬರಕ್ಕೂ ಇದೇ ಸಾಕು.

ಬಳ್ಳಾರಿಯಿಂದ:
ಮೆಲ್ಲುಡಿ (ಮೆದು ಮಾತು), ಮೆಲ್ಲೆಲರು (ತಂಗಾಳಿ): ಎರಡರಲ್ಲೂ ‘ಮೆಲ್’ ಎಂದರೆ ಮೃದು. ನಿಮ್ಮ ಪದಕ್ಕೆ ಮೃದುವಾಗಿ ಬಿಡುವುದು ಎಂದರ್ಥ. ಅಚ್ಚಗನ್ನಡ ಬೇಕೆನ್ನುವವರು ಮೊದಲು ‘ದವಾಖಾನೆ’ ಬಿಡಲಿ.

ಸಿಂಧನೂರಿನಿಂದ:
ದವಾಖಾನಿ ಯಾಕೆ ಬಿಡಬೇಕು? ನಮ್ಮ ಅಜ್ಜಿ ಆಡಿದ ಮಾತು, ಅದು ನಮ್ಮದೇ. ನಾಲ್ಕು ತಲೆಮಾರು ಬಾಯಲ್ಲಿ ಉಳಿದ ಪದಕ್ಕೆ ಊರು ಕೇಳುವುದು ತಪ್ಪು.

ಯೂರಿಯಾವನ್ನು ಇದರೊಳಗೆ ತರಬೇಡಿ. ಬೇವಿನೆಣ್ಣೆಯ ಮುಖ್ಯ ಕೆಲಸ ಕರಗುವುದನ್ನು ತಡೆಯುವುದಲ್ಲ. ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳನ್ನು ತಡಮಾಡಿಸುವುದು. ಗಂಧಕ ಲೇಪಿಸಿದ ಯೂರಿಯಾದಲ್ಲಿ ಲೇಪವೇ ನೀರನ್ನು ತಡೆಯುತ್ತದೆ, ಸ್ಲೋ ರಿಲೀಸ್ ಎಂಬ ಮಾತು ಅದಕ್ಕೆ ಸಲ್ಲುತ್ತದೆ. ಮೆಟ್‌ಫಾರ್ಮಿನ್‌ದು ಇನ್ನೊಂದು ಬಗೆ. ಸಾಮಾನ್ಯವಾಗಿ ಅದರಲ್ಲಿರುವ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ನೀರು ಕುಡಿದು ಉಬ್ಬಿ ಲೋಳೆಯಾಗುತ್ತದೆ, ಔಷಧ ಅದರೊಳಗಿಂದ ಜಿನುಗುತ್ತದೆ. ಪದ ಇಲ್ಲೇ ಇದೆ: ‘ಜಿನುಗು’. ‘ಜಿನುಗು ಗುಳಿಗೆ’ ಅನ್ನಿ.

ಇನ್ನೊಂದು ಮಾತು. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಗುಳಿಗೆಗೂ ಲೇಪವಿದೆ, ಆದರೆ ಅದು ಹೊಟ್ಟೆಯ ಆಮ್ಲ ದಾಟಿ ಕರುಳಿಗೆ ಹೋದ ಮೇಲೆ ಕರಗಲೆಂದು. ಅದು ತಡ, ನಿಧಾನವಲ್ಲ. ಅದನ್ನೂ ಜಜ್ಜಬಾರದು.

ರಾಯಚೂರಿನಿಂದ:
‘ಜಿನುಗು’ ಒಪ್ಪಿದೆ. ‘ಪಾಲಿಮರ್’ ಒಪ್ಪಲಿಲ್ಲ.

ಕೊಪ್ಪಳದಿಂದ:
ಪೇಂಟರ್ ಬಂದಿದ್ದಾನೆ. ಬರೆಸುತ್ತಿರುವುದು: “ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಆರ್ ಇದ್ದರೆ ಅದು ಜಿನುಗುವ ಗುಳಿಗೆ. ಜಜ್ಜಬೇಡಿ, ಅಗಿಯಬೇಡಿ, ಇಡಿಯಾಗಿ ನುಂಗಿ. ನುಂಗಲು ಆಗದಿದ್ದರೆ ಡಾಕ್ಟರನ್ನು ಕೇಳಿ.”

ಬಳ್ಳಾರಿಯಿಂದ:
ಜಿನುಗುವುದು ಔಷಧ, ಗುಳಿಗೆಯಲ್ಲ. ‘ಜಿನುಗಿಸುವ ಗುಳಿಗೆ’ ಎಂದು ತಿದ್ದಿಸಿ, ಬಣ್ಣ ಒಣಗುವ ಮುಂಚೆ.