ಅಪ್‌ಡೇಟ್: ರಾತ್ರಿ ಬ್ಯಾಟರಿ ಇಳಿಯೋದಕ್ಕೆ ಕಾರಣ ಸಿಕ್ತು

ಸಂಜೆ ಚೆನ್ನಾಗಿ ಓಡಿದ ಕಾರು ಬೆಳಿಗ್ಗೆ ಸೆಲ್ಫೇ ಹೊಡೆಯಲ್ಲ, ಬ್ಯಾಟರಿ ಹೊಸದು, ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಸರಿಯಾಗೇ 14.2 ವೋಲ್ಟ್ ಕೊಡ್ತಿದೆ, ಮತ್ತೇನು ಅಂತ ಕೇಳಿದ್ದೆ. ಕರೆಂಟ್ ಲೀಕ್ (ಕಾರು ಆಫ್ ಇದ್ದರೂ ಯಾವುದೋ ಒಂದು ಕರೆಂಟ್ ಎಳೀತಿರೋದು) ನೋಡಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಅದೇ ಆಗಿತ್ತು.

ಮಂಡ್ಯದ ಗುತ್ತಲು ರಸ್ತೆಯ ಎಲೆಕ್ಟ್ರಿಷಿಯನ್ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಕರೆಂಟ್ ಅಳೆಯೋ ಮಲ್ಟಿಮೀಟರ್ ಸೇರಿಸಿ, 10 ಆಂಪಿಯರ್ ರೇಂಜಿಗಿಟ್ಟರು. ಕಾರು ಲಾಕ್ ಮಾಡಿ ಅರ್ಧ ಗಂಟೆ ಸುಮ್ಮನೆ ಬಿಟ್ಟರು. ಒಳಗಿನ ಕಂಪ್ಯೂಟರ್‌ಗಳು ಮಲಗೋಕೆ ಅಷ್ಟು ಹೊತ್ತು ಬೇಕಂತೆ, ಅವಸರಪಟ್ಟರೆ ರೀಡಿಂಗ್ ದಾರಿ ತಪ್ಪಿಸುತ್ತೆ. ಆಮೇಲೆ ರೀಡಿಂಗ್ ಸಾಮಾನ್ಯವಾಗಿ 50 ಮಿಲಿಆಂಪಿಯರ್ (0.05 ಆಂಪಿಯರ್) ಒಳಗಿರಬೇಕು. ನಮ್ಮದು 1.8 ಆಂಪಿಯರ್! ಹನ್ನೆರಡು ಗಂಟೆಯಲ್ಲಿ ಸುಮಾರು 22 ಆಂಪಿಯರ್-ಅವರ್ (ಆಂಪಿಯರ್ × ಗಂಟೆ) ಹೋಯ್ತು, ಬ್ಯಾಟರಿಯ ಒಟ್ಟು ಸಾಮರ್ಥ್ಯ ಇರೋದೇ 35.

ಫ್ಯೂಸ್ ಒಂದೊಂದೇ ಕಿತ್ತರೂ ಮೀಟರ್ ಇಳಿಯಲಿಲ್ಲ. ಕೊನೆಗೆ ಬ್ಯಾಟರಿಯಿಂದ ನೇರ ಹಿಂದಕ್ಕೆ ಹೋಗಿದ್ದ ದಪ್ಪ ಕೆಂಪು ವೈರಿನ ಫ್ಯೂಸ್ ತೆಗೆದರೆ 0.03 ಆಂಪಿಯರ್! ಆ ವೈರ್ ಹೋಗಿದ್ದು ಸ್ಪೀಕರ್ ಸದ್ದು ಹೆಚ್ಚಿಸೋ ಆಂಪ್ಲಿಫೈಯರ್‌ಗೆ. ಅದನ್ನ ಆನ್-ಆಫ್ ಮಾಡೋ ರಿಮೋಟ್ ವೈರನ್ನ ಫಿಟ್ ಮಾಡಿದವರು ಸ್ಟೀರಿಯೋಗೆ ಕೊಡದೆ, ಸದಾ ಕರೆಂಟ್ ಇರೋ ವೈರಿಗೆ ಸುತ್ತಿದ್ದರು. ಕೀ ನನ್ನ ಜೇಬಲ್ಲಿದ್ದರೂ ಸೀಟಿನಡಿ ಆಂಪ್ಲಿಫೈಯರ್ ಆನ್ ಆಗೇ ಇದ್ದು ಅದರ ಮೈ ಬೆಚ್ಚಗಿತ್ತು.

ವೈರ್ ಬದಲಾಯಿಸಿ ಬ್ಯಾಟರಿ ಫುಲ್ ಚಾರ್ಜ್ ಮಾಡಿಸಿದೆ. ಈಗ ಬೆಳಿಗ್ಗೆ 12.6 ವೋಲ್ಟ್ ಇರುತ್ತೆ. ಪದೇ ಪದೇ ಪೂರ್ತಿ ಇಳಿದಿದ್ದರಿಂದ ಪ್ಲೇಟ್‌ಗಳಿಗೆ ಏಟು ಬಿದ್ದಿರಬಹುದು, ಲೋಡ್ ಟೆಸ್ಟ್ (ಹೆಚ್ಚು ಕರೆಂಟ್ ಎಳೆದು ಬ್ಯಾಟರಿ ತಡೆಯುತ್ತಾ ನೋಡೋದು) ಮಾಡಿಸ್ತೀನಿ.